ನಾಯಿಯ ಬಾಯಿ ನಾತಕ್ಕೆ ಸ್ಪ್ರೇ ಹೊಡೆಯುವ ಮುನ್ನ

ಗ್ರೂಮಿಂಗ್‌ಗೆ ನಾಯಿ ತರುವವರು ಹೆಚ್ಚಾಗಿ ಕೇಳುವುದು ಬಾಯಿಗೊಂದು ಸ್ಪ್ರೇ. ಹೊಡೆದರೆ ಸ್ವಲ್ಪ ಹೊತ್ತು ಪುದೀನ ಘಮ, ಆಮೇಲೆ ಮತ್ತದೇ ನಾತ. ವಸಡಿನ ಅಂಚಿನಲ್ಲಿ ಕೂತ ಬ್ಯಾಕ್ಟೀರಿಯಾಗಳು ಗಂಧಕದ ಅನಿಲ ಬಿಡುತ್ತಲೇ ಇರುತ್ತವೆ. ಸ್ಪ್ರೇ ಅಲ್ಲಿಗೆ ಮುಟ್ಟುವುದೇ ಇಲ್ಲ.

ಮುಂದಿನ ಹಲ್ಲು ಬೆಳ್ಳಗಿದೆಯೆಂದು ನಂಬಬೇಡಿ. ತುಟಿಯ ಮೂಲೆಯನ್ನು ಹಿಂದಕ್ಕೆಳೆದು ಮೇಲ್ದವಡೆಯ ದೊಡ್ಡ ಹಲ್ಲು ನೋಡಿ. ಜೊಲ್ಲಿನ ನಾಳ ಅದರ ಪಕ್ಕದ ಕೆನ್ನೆಯಲ್ಲೇ ತೆರೆದುಕೊಳ್ಳುತ್ತದೆ. ಜೊಲ್ಲಿನ ಖನಿಜ ಸೇರಿ ಹಲ್ಲಿಗಂಟಿದ ಪಾಚಿ ಎರಡು ಮೂರು ದಿನದಲ್ಲೇ ಗಟ್ಟಿಯಾಗತೊಡಗುತ್ತದೆ, ಹೀಗೆ ಗಟ್ಟಿಯಾದ ಹಳದಿ-ಕಂದು ಟಾರ್ಟರ್ ಮೊದಲು ಕಾಣುವುದೂ ಅಲ್ಲೇ. ಭಾನುವಾರಕ್ಕೊಮ್ಮೆ ಎಷ್ಟು ಉಜ್ಜಿದರೂ ಸಾಲದು ಎನ್ನುವುದು ಇದಕ್ಕೇ. ದಿನಾ ಒಂದು ನಿಮಿಷ ಸಾಕು.

ಮೊದಲ ಕೆಲವು ದಿನ ಬ್ರಷ್ ಬೇಡ. ಬೆರಳಿಗೆ ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಸುತ್ತಿ, ನಾಯಿಗಳ ಪೇಸ್ಟನ್ನು ಬಟಾಣಿಯಷ್ಟು ಹಚ್ಚಿ ಹಲ್ಲು ಒರೆಸಿ. ಒಗ್ಗಿದ ಮೇಲೆ ಮೆತ್ತನೆಯ ಬ್ರಷ್ಷನ್ನು ವಸಡಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಹೊರಬದಿ ಮಾತ್ರ ಉಜ್ಜಿ. ಒಳಬದಿಯನ್ನು ಬಹುಮಟ್ಟಿಗೆ ನಾಲಿಗೆಯೇ ನೋಡಿಕೊಳ್ಳುತ್ತದೆ. ಬಾಯಿ ಅಗಲಿಸಿ ಹಿಡಿದರೆ ನಾಯಿ ಕೊಸರುತ್ತದೆ; ಮುಚ್ಚಿದ ಬಾಯಲ್ಲೇ ತುಟಿ ಎತ್ತಿದರೆ ಕೆಲಸ ಸಲೀಸು. ನಾಲ್ಕರಿಂದ ಆರು ತಿಂಗಳ ಮರಿಗೆ ಹಾಲುಹಲ್ಲು ಉದುರಿ ವಸಡು ನೋಯುತ್ತಿರುತ್ತದೆ, ಆಗ ಒತ್ತಾಯ ಬೇಡ.

ನಮ್ಮ ಪೇಸ್ಟ್ ಹಾಕಲೇಬೇಡಿ. ನಾಯಿಗೆ ಉಗುಳಲು ಬರುವುದಿಲ್ಲ, ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟಿನಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ನಾಯಿಯ ರಕ್ತದ ಸಕ್ಕರೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲದು.

ಶಿಟ್ಜು, ಕಾಕರ್ ಸ್ಪ್ಯಾನಿಯಲ್ ತಳಿಗಳಲ್ಲಿ ಇನ್ನೊಂದು ಮೋಸ ಉಂಟು. ಹಲ್ಲು ಚೊಕ್ಕವಾಗಿದ್ದರೂ ನಾತ ಬರುತ್ತದೆ. ಕೆಳತುಟಿಯ ಮಡಿಕೆಯನ್ನು ಬಟ್ಟೆಯಿಂದ ಒರೆಸಿ ಮೂಸಿ ನೋಡಿ, ಗಡ್ಡದ ಒದ್ದೆ ಕೂದಲನ್ನೂ ಮೂಸಿ. ನಾತ ಅಲ್ಲಿಯದಾದರೆ ಕೂದಲು ಗಿಡ್ಡ ಮಾಡಿ, ಊಟವಾದ ಮೇಲೆ ಒರೆಸಿ ಒಣಗಿಸಿ.

ಗಟ್ಟಿಯಾದ ಟಾರ್ಟರನ್ನು ಉಗುರಿನಿಂದಲೋ ಆನ್‌ಲೈನಿನಲ್ಲಿ ಕೊಂಡ ಸ್ಕೇಲರ್ ಎಂಬ ಚೂಪು ಸಾಧನದಿಂದಲೋ ಕೆರೆಯುವವರಿದ್ದಾರೆ. ಹಲ್ಲಿನ ಮೇಲೆ ಗೀರು ಬಿದ್ದು ಪಾಚಿ ಇನ್ನೂ ಬೇಗ ಅಂಟುತ್ತದೆ, ವಸಡಿನೊಳಗಿನದು ಹಾಗೇ ಉಳಿಯುತ್ತದೆ. ಅದನ್ನು ಪಶುವೈದ್ಯರು ಅರಿವಳಿಕೆ ಕೊಟ್ಟೇ ತೆಗೆಯಬೇಕು, ಬಳಿಕ ಪಾಲಿಶ್ ಮಾಡಬೇಕು.

ಹಲ್ಲು ಚೊಕ್ಕವಾಗಲೆಂದು ಮೂಳೆ ಕೊಟ್ಟರೆ ಮೇಲ್ದವಡೆಯ ಆ ದೊಡ್ಡ ಹಲ್ಲೇ ಸೀಳಬಹುದು. ಅಗಿಯಲು ಕೊಡುವ ವಸ್ತುವಿನ ಮೇಲೆ ಉಗುರು ಒತ್ತಿದರೆ ಗುರುತು ಬೀಳಬೇಕು. ಬೀಳದಿದ್ದರೆ ಅದು ಬೇಡ.