ಜೇಡರ ಬಲೆಯ ನಡುಕ ರೆಕಾರ್ಡಿಂಗ್: 100 ಹರ್ಟ್ಸ್ ಗುಂಯ್ ಕೊನೆಗೂ ತೊಲಗಿತು

ಬಂತು! ಹಿತ್ತಲಿನ ಸಹಿ ಜೇಡದ (ಸಿಗ್ನೇಚರ್ ಸ್ಪೈಡರ್) ಬಲೆಯ ನಡುಕ ಈಗ ರೆಕಾರ್ಡರಿನಲ್ಲಿ ಚೊಕ್ಕವಾಗಿ ಕೇಳುತ್ತಿದೆ. ಬಲೆಗೆ ಪೀಜೋ ಡಿಸ್ಕ್ (ನಡುಕವನ್ನು ವಿದ್ಯುತ್ತಾಗಿಸುವ ಬಿಲ್ಲೆ) ಅಂಟಿಸಿದರೆ ಅದರ ಭಾರಕ್ಕೇ ಎಳೆಯ ನಡುಕ ಸತ್ತುಹೋಗುತ್ತದೆ. ಹಾಗಾಗಿ ಒಂದು ಕಡೆ ಕೆಂಪು ಲೇಸರ್, ಇನ್ನೊಂದು ಕಡೆ ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್, ನಡುವೆ ಎಳೆ: ಎಳೆ ನಡುಗಿದರೆ ಡಯೋಡಿನ ಮೇಲೆ ಅದರ ನೆರಳೂ ನಡುಗುತ್ತದೆ, ಅದೇ ಸಿಗ್ನಲ್. ಅದನ್ನು ಹಿಗ್ಗಿಸಲು ಟಿಎಲ್072 ಎಂಬ ಆಂಪ್ಲಿಫೈಯರ್ ಚಿಪ್, 9 ವೋಲ್ಟ್ ಬ್ಯಾಟರಿ.

ಪ್ರಾಣ ತಿಂದದ್ದು ದೀಪದ ಮಿನುಗು: ಅದೂ ಡಯೋಡಿನ ಮೇಲೆ ಬಿದ್ದು ರೆಕಾರ್ಡಿಂಗಿನಲ್ಲಿ ಗುಂಯ್ ಎನ್ನುತ್ತದೆ. ನಮ್ಮ ಕರೆಂಟು 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ), ದೀಪ ಮಿನುಗುವುದು 100ಕ್ಕೆ, ಅದರ ಮರಿಗಳು 200, 300ರಲ್ಲಿ. ಮನೆನೊಣದ ರೆಕ್ಕೆಬಡಿತವೂ ಸುಮಾರು 200 ಹರ್ಟ್ಸ್! ಫಿಲ್ಟರ್ ಹಾಕಿ ಗುಂಯ್ ತೆಗೆದರೆ ನೊಣವೂ ಅದರ ಜೊತೆಗೇ ಹೋಗುತ್ತದೆ. ಮನೆಯ ದೀಪ ಆರಿಸಬಹುದು, ಬೀದಿದೀಪ ಆರಿಸುವವರು ಯಾರು?

ಉಪಾಯ ಸರಳ. ಎರಡು ಡಯೋಡ್‌ಗಳನ್ನು ಅಕ್ಕಪಕ್ಕ ಕೂರಿಸಿ, ಎಳೆಯ ನೆರಳು ಎರಡರ ಗಡಿಯ ಮೇಲೆ ಬೀಳುವಂತೆ ಹೊಂದಿಸಿ, ಒಂದರಿಂದ ಇನ್ನೊಂದನ್ನು ಕಳೆದೆ. ಬೀದಿದೀಪ ಎರಡಕ್ಕೂ ಸಮ, ಕಳೆದುಹೋಯಿತು. ಎಳೆ ಅಲುಗಿದರೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ, ಸಿಗ್ನಲ್ ಇಮ್ಮಡಿ. ಇದಕ್ಕೆ ಬಿಪಿಡಬ್ಲ್ಯೂ34 ಎಂಬ ಫೋಟೋಡಯೋಡ್ ತರಿಸಿದರೆ ಆನ್‌ಲೈನ್ ಅಂಗಡಿಯವರು ಕಳಿಸಿದ್ದು ಕಪ್ಪು ಮೈಯ ಎಫ್ ಮಾದರಿ. ಅದು ಇನ್‌ಫ್ರಾರೆಡ್‌ಗೆ ಮಾತ್ರ, ಕೆಂಪು ಬೆಳಕನ್ನು ಒಳಗೇ ಬಿಡುವುದಿಲ್ಲ. ವಾಪಸ್ ತೆಗೆದುಕೊಳ್ಳಲು ಅವರು ಆಡಿಸಿದ ಆಟಕ್ಕೆ ಇನ್ನೂ ಸಿಟ್ಟಿದೆ.

ಮೊದಲ ಪರೀಕ್ಷೆ 440 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ (ಬಡಿದರೆ ಒಂದೇ ಸ್ವರದಲ್ಲಿ ಮೊಳಗುವ ಲೋಹದ ಕವೆ). ಎಳೆಗೆ ತಾಕಿಸಿದೊಡನೆ ರೆಕಾರ್ಡಿಂಗಿನ ಆವರ್ತನ ನಕ್ಷೆಯಲ್ಲಿ 440ರಲ್ಲಿ ಸೂಜಿಯಂಥ ಗೆರೆ. ತಲೆಕೆಳಗಾಗಿ, ಕಾಲುಗಳನ್ನು ಜೋಡಿಜೋಡಿಯಾಗಿ ಚಾಚಿ ಕೂತಿದ್ದ ಹೆಣ್ಣು ಮುಂಗಾಲಿನಿಂದ ಎಳೆಯನ್ನು ಜಗ್ಗಿತು, ತಡೆಯಿತು, ಮತ್ತೆ ಜಗ್ಗಿತು. ಆ ಜಗ್ಗಾಟವೂ ದಾಖಲಾಗಿದೆ! ಕಾಲಿನ ತುದಿಯ ಗೆಣ್ಣಿನ ಬಳಿ ಚಿಪ್ಪಿನಲ್ಲಿ ವೀಣೆಯ ತಂತಿಗಳಂತೆ ಸಾಲುಗಟ್ಟಿದ ಸಣ್ಣ ಸೀಳುಗಳಿವೆ. ನಡುಕಕ್ಕೆ ಅವು ಅದುಮಿಕೊಂಡಾಗ ನರಕ್ಕೆ ಸುದ್ದಿ ಹೋಗುತ್ತದೆ. ಆಂಪ್ಲಿಫೈಯರ್ ಬೇಡ, ಬ್ಯಾಟರಿ ಬೇಡ.

ಇದೇ ಫೋರ್ಕ್ ಪ್ರಯೋಗವನ್ನು ಬ್ರಿಟಿಷ್ ಭೌತವಿಜ್ಞಾನಿ ಸಿ.ವಿ. ಬಾಯ್ಸ್ 1880ರಲ್ಲೇ ಮಾಡಿದ್ದರು. ಜೇಡ ಅಂಚಿನಲ್ಲಿದ್ದರೆ ಮೊದಲು ನಡುವಿಗೆ ಬಂದು, ಯಾವ ಎಳೆ ನಡುಗುತ್ತಿದೆ ಎಂದು ನೋಡಿಕೊಂಡು ಆಮೇಲೆ ಹೊರಡುತ್ತದೆ ಎಂದು ಅವರು ಕಂಡರು. ಬಲೆಗೆ ತಾಕಿಸದೆ, ಮೊಳಗುವ ಫೋರ್ಕನ್ನು ಗಾಳಿಯಲ್ಲೇ ಹತ್ತಿರ ತಂದರೆ ನಡುವೆ ಕೂತ ಜೇಡ ದಾರವೊಂದಕ್ಕೆ ಜೋತು ಕೆಳಗೆ ಬೀಳುತ್ತದೆ ಎಂದೂ ಬರೆದರು. ಈ ಎರಡನೆಯದನ್ನು ಮುಂದೆ ಹಿಡಿಯಬೇಕು.

ಅದಕ್ಕೂ ಮೊದಲು ಜಿಗಿಜೇಡದ ಬಗ್ಗೆ ತಲೆಕೆಡಿಸಿಕೊಂಡಿದ್ದೇನೆ. ಗಂಡು ಹೆಣ್ಣಿನ ಮುಂದೆ ನೆಲ ಬಡಿದು ನಡುಕ ಕಳಿಸುತ್ತದೆ. ಕಸೂತಿಯ ಚೌಕಟ್ಟಿಗೆ ನೈಲಾನ್ ಬಿಗಿದು ಅದರ ಮೇಲೆ ಗಂಡನ್ನು ಕುಣಿಯಲು ಬಿಟ್ಟರೆ ಸಾಕು. ಯಾವ ನೈಲಾನ್ ಬಟ್ಟೆ ಜೋತುಬೀಳದೆ ನಿಲ್ಲುತ್ತದೆ, ಬಳಸಿದವರು ಹೇಳಿ. ಬಲೆಯ ಕಡೆ ಉಳಿದಿರುವುದು ಗಾಳಿ: ಜೋರಾಗಿ ಬೀಸಿದರೆ ನೆರಳು ಡಯೋಡಿನಿಂದಲೇ ಆಚೆ ಹೋಗುತ್ತದೆ.