ಒಂಬತ್ತು ಕಿಲೋ ಇಳಿಯಿತು, ಅದರಲ್ಲಿ ಸ್ನಾಯು ಎಷ್ಟು?

ಮೈಸೂರಿನ ಆಸ್ಪತ್ರೆಯೊಂದರ ಮಧುಮೇಹ ವಿಭಾಗದಲ್ಲಿ ನಾನು ಹನ್ನೆರಡು ವರ್ಷಗಳಿಂದ ಡಯಟೀಷಿಯನ್ ಆಗಿದ್ದೇನೆ. ಕಳೆದ ವರ್ಷ ನನ್ನ ಬಳಿಗೆ ಬರುತ್ತಿದ್ದವರಲ್ಲಿ ಐವತ್ತೆಂಟರ ಆಸುಪಾಸಿನ ಗೃಹಿಣಿಯೊಬ್ಬರಿದ್ದರು. ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ, ಸಕ್ಕರೆ ಮತ್ತು ತೂಕ ಎರಡನ್ನೂ ಇಳಿಸುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದ ಅವರು ಐದು ತಿಂಗಳಲ್ಲಿ 83 ಕಿಲೋದಿಂದ 74ಕ್ಕೆ ಇಳಿದಿದ್ದರು, ಸಕ್ಕರೆಯೂ ಹತೋಟಿಗೆ ಬಂದಿತ್ತು. ನಾನು ಮನಸಾರೆ ಮೆಚ್ಚಿ, ಇದೇ ಆಹಾರವನ್ನು ಮುಂದುವರಿಸಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಕುರ್ಚಿಯ ಎರಡೂ ತೋಳುಗಳನ್ನು ಊರಿಕೊಂಡು ಎದ್ದು ನಿಂತು, "ಮೇಡಂ, ಪೂಜೆಗೆ ಕೂತರೆ ಏಳೋಕೆ ಬಾಗಿಲು ಹಿಡ್ಕೋಬೇಕು. ಕುಕ್ಕರ್ ಮುಚ್ಚಳ ತೆಗೆಯೋಕೂ ಮಗಳನ್ನೇ ಕರೀತೀನಿ. ತೂಕ ಇಳಿದ ಮೇಲೆ ಹಗುರ ಆಗ್ಬೇಕಿತ್ತಲ್ಲ?" ಎಂದರು.

ಬರೆದ ಚೀಟಿಯನ್ನು ವಾಪಸ್ ಪಡೆದು, ಅವರನ್ನು ಮತ್ತೆ ಕೂರಿಸಿ, ಹಿಂದಿನ ದಿನ ಏನೇನು ತಿಂದಿದ್ದರೆಂದು ಕೇಳಿದೆ. ಬೆಳಿಗ್ಗೆ ಒಂದು ಇಡ್ಲಿ ಮತ್ತು ಕಾಫಿ, ಮಧ್ಯಾಹ್ನ ನಾಲ್ಕು ಚಮಚ ಅನ್ನಕ್ಕೆ ತಿಳಿಸಾರು, ಸಂಜೆ ಎರಡು ಬಿಸ್ಕತ್ತು, ರಾತ್ರಿ ಬಾಳೆಹಣ್ಣು ಮತ್ತು ಅರ್ಧ ಲೋಟ ಮಜ್ಜಿಗೆ. ಆ ಸಾರಿನಲ್ಲಿ ಬೇಳೆಯ ಬಣ್ಣವಿತ್ತೇ ಹೊರತು ಬೇಳೆ ಇರಲಿಲ್ಲ. ಎಷ್ಟೇ ಧಾರಾಳವಾಗಿ ಲೆಕ್ಕ ಹಾಕಿದರೂ ಇಡೀ ದಿನದ ಪ್ರೋಟೀನ್ 20 ಗ್ರಾಂ ದಾಟಲಿಲ್ಲ. ಐದು ತಿಂಗಳು ಈ ಪ್ರಶ್ನೆಯನ್ನು ಕೇಳದೆ ತೂಕವನ್ನಷ್ಟೇ ಬರೆದುಕೊಂಡದ್ದು ನನ್ನ ತಪ್ಪು.

ಈ ಔಷಧಿ ಹಸಿವನ್ನು ತಗ್ಗಿಸುತ್ತದೆ ಮತ್ತು ಹೊಟ್ಟೆ ಖಾಲಿಯಾಗುವ ವೇಗವನ್ನೂ ಕಡಿಮೆ ಮಾಡುತ್ತದೆ, ಆದ್ದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ತೂಕ ಯಾವ ರೀತಿಯಲ್ಲಿ ಇಳಿದರೂ ಕೊಬ್ಬಿನ ಜೊತೆಗೆ ಒಂದಿಷ್ಟು ಸ್ನಾಯುವೂ ಹೋಗುತ್ತದೆ, ಪ್ರೋಟೀನ್ ಕಡಿಮೆಯಾಗಿ ದೇಹಕ್ಕೆ ಕೆಲಸವೂ ಇಲ್ಲದಿದ್ದರೆ ಅದು ಇನ್ನೂ ಹೆಚ್ಚುತ್ತದೆ. 2021ರಲ್ಲಿ ಪ್ರಕಟವಾದ, 1,961 ಜನರು ಪಾಲ್ಗೊಂಡಿದ್ದ ಸ್ಟೆಪ್-1 ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿದಿತ್ತು. ಅಧ್ಯಯನದಲ್ಲಿ ಪಾಲ್ಗೊಂಡವರಲ್ಲಿ 140 ಜನರನ್ನು ಸ್ಕ್ಯಾನ್‌ಗೆ ಒಳಪಡಿಸಿ ನೋಡಿದಾಗ, ಔಷಧಿ ಪಡೆದವರು ಕಳೆದುಕೊಂಡ ತೂಕದಲ್ಲಿ ಸುಮಾರು ಶೇ. 40 ಕೊಬ್ಬಲ್ಲದ ಭಾಗವಾಗಿತ್ತು. ಕೊಬ್ಬಲ್ಲದ ಭಾಗವೆಂದರೆ ಅದರಲ್ಲಿ ನೀರು ಮತ್ತು ಅಂಗಾಂಗಗಳೂ ಸೇರಿರುವುದರಿಂದ ಅಷ್ಟೂ ಸ್ನಾಯುವೆಂದು ತಿಳಿಯಬಾರದು, ಆದರೂ ಒಂದೇ ಎತ್ತರ-ತೂಕದ ಯುರೋಪಿಯನ್ನರಿಗೆ ಹೋಲಿಸಿದರೆ ಮೊದಲೇ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವ ನಮ್ಮವರ ದೇಹಕ್ಕೆ ಇದು ಸಣ್ಣ ನಷ್ಟವಲ್ಲ.

ಅಂದೇ ಅವರಿಗೆ ಎರಡು ಪರೀಕ್ಷೆ ಮಾಡಿದೆವು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಅವರಿಗೆ 17 ಸೆಕೆಂಡ್ ಬೇಕಾಯಿತು, ಕೈ ಹಿಡಿತದ ಬಲ 15 ಕಿಲೋ ಬಂತು. ಏಷ್ಯಾದವರಿಗಾಗಿ 2019ರಲ್ಲಿ ತಜ್ಞರು ನಿಗದಿಪಡಿಸಿದ ಮಾನದಂಡದ ಪ್ರಕಾರ ಮೊದಲನೆಯದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೂ, ಮಹಿಳೆಯರ ಹಿಡಿತ 18 ಕಿಲೋಗಿಂತ ಕಡಿಮೆಯಿದ್ದರೂ ಸ್ನಾಯು ಕ್ಷೀಣಿಸಿರಬಹುದೆಂದು ಎಚ್ಚರ ವಹಿಸಬೇಕು. ವೈದ್ಯರು ಔಷಧಿಯ ಪ್ರಮಾಣವನ್ನು ಹೆಚ್ಚಿಸುವುದನ್ನು ಮುಂದೂಡಿದರು, ಮೂತ್ರಪಿಂಡದ ವರದಿ ಸರಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ನಾನು ದಿನಕ್ಕೆ 70 ಗ್ರಾಂ ಪ್ರೋಟೀನ್‌ನ ಗುರಿ ಇಟ್ಟೆ. ಅವರ ಎತ್ತರಕ್ಕೆ ತಕ್ಕ ತೂಕದ ಪ್ರತಿ ಕಿಲೋಗೆ ಸುಮಾರು 1.2 ಗ್ರಾಂ ಎಂಬ ಲೆಕ್ಕ ಅದು.

ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ, ಹಸಿವೇ ಇಲ್ಲದವರಿಗೆ 70 ಗ್ರಾಂ ತಲುಪಿಸುವುದು ಸುಲಭವಲ್ಲ. ಹೆಚ್ಚು ತಿನ್ನಿ ಎಂದು ಹೇಳಿ ಪ್ರಯೋಜನವಿಲ್ಲದ ಕಾರಣ ತಿನ್ನುವ ಕ್ರಮವನ್ನೇ ಬದಲಿಸಿದೆವು. ನಮ್ಮಲ್ಲಿ ಮೊದಲು ಅನ್ನ ಕಲಸುವುದು ರೂಢಿ, ಪಲ್ಯ ಮತ್ತು ಕಾಳು ನೆಂಚಿಕೊಳ್ಳುವುದಕ್ಕೆ ಮಾತ್ರ. ಈ ಔಷಧಿಯಲ್ಲಿರುವವರು ಹಾಗೆ ಮಾಡಿದರೆ ಕಾಳು ತಟ್ಟೆಯಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಪನೀರ್ ಅಥವಾ ಮೊಳಕೆಕಾಳಿನ ಪಲ್ಯ, ಆಮೇಲೆ ಗಟ್ಟಿ ತೊವ್ವೆ, ಜಾಗ ಉಳಿದರೆ ಅನ್ನ. ಇಡ್ಲಿಯ ಬದಲು ನೆನೆಸಿದ ಹೆಸರುಕಾಳು ರುಬ್ಬಿದ ದೋಸೆ ಬಂತು, 60 ಗ್ರಾಂ ಕಾಳಿನಿಂದ ಸುಮಾರು 14 ಗ್ರಾಂ ಪ್ರೋಟೀನ್ ಸಿಗುತ್ತದೆ. ಚಪಾತಿಯ ಪಲ್ಯಕ್ಕೆ 25 ಗ್ರಾಂ ಸೋಯಾ ಚಂಕ್ಸ್ ಸೇರಿಸಿದರೆ ಇನ್ನೂ 13 ಗ್ರಾಂ ಬರುತ್ತದೆ. ಚುಚ್ಚುಮದ್ದಿನ ಮರುದಿನ ಅವರಿಗೆ ವಾಕರಿಕೆ ಇರುತ್ತಿತ್ತು. ಅಂದು ಅಗಿಯುವ ಊಟ ಸೇರದ ಕಾರಣ ಹುರಿಗಡಲೆ ಪುಡಿ ಕದಡಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಮಲಬದ್ಧತೆಗೆ ನೀರು, ಸೊಪ್ಪು, ಸೀಬೆಹಣ್ಣು ಹೇಳಿದೆ.

ಆಹಾರವೊಂದರಿಂದಲೇ ಸ್ನಾಯು ಉಳಿಯುವುದಿಲ್ಲ. ಅವರು ದಿನಾ ಮುಂಜಾನೆ ಒಂದು ಗಂಟೆ ವಾಕಿಂಗ್ ಮಾಡುತ್ತಿದ್ದರು, ಅದು ಹೃದಯಕ್ಕೆ ಒಳ್ಳೆಯದೇ ಆದರೂ ತೊಡೆ-ತೋಳುಗಳ ಬಲ ಉಳಿಸಲು ಸಾಲದು. ಫಿಸಿಯೋಥೆರಪಿಸ್ಟ್ ಅವರಿಗೆ ವಾರಕ್ಕೆ ಮೂರು ದಿನ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ತಳ್ಳುವುದು, ಒಂದೊಂದು ಲೀಟರಿನ ನೀರಿನ ಬಾಟಲಿಗಳನ್ನು ಎತ್ತುವುದು ಕಲಿಸಿದರು.

ಮೂರು ತಿಂಗಳಲ್ಲಿ ಅವರ ತೂಕ ಇಳಿದದ್ದು ಎರಡೂವರೆ ಕಿಲೋ ಮಾತ್ರ, ಅದಕ್ಕೆ ಅವರಿಗೆ ಬೇಸರವೂ ಆಯಿತು. ಆದರೆ ಕುರ್ಚಿಯಿಂದ ಐದು ಸಲ ಏಳಲು 11 ಸೆಕೆಂಡ್ ಸಾಕಾಗಿತ್ತು, ಹಿಡಿತ 18.5 ಕಿಲೋಗೆ ಏರಿತ್ತು. ಈಗ ಈ ಔಷಧಿ ಆರಂಭಿಸುವ ಪ್ರತಿಯೊಬ್ಬರ ಕಾರ್ಡಿನಲ್ಲೂ ತೂಕದ ಪಕ್ಕ ಈ ಎರಡು ಅಂಕಿಗಳಿಗೆ ಜಾಗ ಬಿಟ್ಟಿದ್ದೇನೆ, ಮೊದಲ ಚುಚ್ಚುಮದ್ದಿಗೆ ಮುನ್ನವೇ ಅವನ್ನು ತುಂಬುತ್ತೇನೆ.