ನಿಮ್ಮ ಗುರುವಾರ ಬಂತು

ಶನಿವಾರ ಬೆಳಿಗ್ಗೆ ಏಳೂವರೆ ಬಸ್ಸಿಗೆ ತೀರ್ಥಹಳ್ಳಿಯಿಂದ ಹೊರಡುತ್ತೇನೆ. ಮಂಡಗದ್ದೆ ದಾಟುವವರೆಗೆ ನೋಟ್ಸ್ ನೋಡುತ್ತೇನೆ. ಸಕ್ರೆಬೈಲಿನ ಆನೆ ಬಿಡಾರ ಹತ್ತಿರ ಬಂತು ಅಂದರೆ ಪುಸ್ತಕ ಮುಚ್ಚಿ ಕಿಟಕಿ ಕಡೆ ತಿರುಗುತ್ತೇನೆ. ಆನೆ ಕಂಡರೆ ಆ ದಿನ ಪಾಠ ಚೆನ್ನಾಗಿ ಆಗುತ್ತದೆ ಅಂತ ಒಂದು ಮೂಢನಂಬಿಕೆ ಅಂಟಿಕೊಂಡಿದೆ. 1986ರಲ್ಲಿ ವಿದೇಶಾಂಗ ಸೇವೆಗೆ ಸೇರಿ 34 ವರ್ಷ ದುಡಿದು ಮನೆಗೆ ಬಂದವಳು ನಾನು. ಈಗ ಇರುವುದು ಎರಡೂವರೆ ಎಕರೆ ಅಡಿಕೆ ತೋಟ, ಶಿವಮೊಗ್ಗದ ಒಂದು ಕಾಲೇಜಿನಲ್ಲಿ ವಾರಕ್ಕೊಂದು ದಿನ ಅಂತರರಾಷ್ಟ್ರೀಯ ಸಂಬಂಧಗಳ ಪಾಠ.

"ನಿಮಗೇನು, ಎಲ್ಲ ಕಣ್ಣಾರೆ ಕಂಡವರು, ಪಾಠ ಸುಲಭ" ಅನ್ನುತ್ತಾರೆ ಊರಲ್ಲಿ. ಹಾಗೇನಿಲ್ಲ. ಕಂಡಿದ್ದನ್ನು ಹೇಳದೇ ಇರುವುದಕ್ಕೇ ನನಗೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದು.

ನಿಯಮಗಳ ಪಾಠಕ್ಕೇನೂ ಕಷ್ಟವಿಲ್ಲ. 1961ರ ವಿಯೆನ್ನಾ ಒಪ್ಪಂದ ತೆಗೆದುಕೊಳ್ಳಿ. ರಾಯಭಾರಿಗಳ ವ್ಯವಹಾರವೆಲ್ಲ ನಡೆಯುವುದು ಅದರ ಮೇಲೆ. ಒಬ್ಬರನ್ನು ರಾಯಭಾರಿಯಾಗಿ ಕಳಿಸುವ ಮೊದಲು ಆ ದೇಶವನ್ನು ಗುಟ್ಟಾಗಿ ಕೇಳಬೇಕು, ಇವರು ನಿಮಗೆ ಒಪ್ಪಿಗೆಯೇ ಅಂತ. ಅದಕ್ಕೆ ಅಗ್ರೆಮಾಂ ಅನ್ನುತ್ತಾರೆ. ಅವರು ಬೇಡ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ. ನಮ್ಮ ಕಡೆ ಹುಡುಗಿ ಕೊಡುವ ಮೊದಲು ಮಧ್ಯಸ್ಥರ ಕೈಲಿ ವಿಚಾರಿಸುವುದಿಲ್ಲವೇ, ಅದೇ. ಒಲ್ಲದ ಸಂಬಂಧಕ್ಕೆ "ಜಾತಕ ಕೂಡಿ ಬರಲಿಲ್ಲ" ಅನ್ನುತ್ತೇವೆ. ಜಾತಕ ತೆರೆದೇ ಇರುವುದಿಲ್ಲ! ಈ ಉದಾಹರಣೆ ಕೊಟ್ಟ ಮೇಲೆ ನಾಲ್ಕನೇ ವಿಧಿಯನ್ನು ಪರೀಕ್ಷೆಯಲ್ಲಿ ಯಾರೂ ತಪ್ಪು ಬರೆದಿಲ್ಲ.

ಮದುವೆ ಮಾತು ಬಂದಾಗ ಸಿ.ಬಿ. ಮುತ್ತಮ್ಮ ಅವರ ವಿಷಯ ಹೇಳದೆ ಬಿಡುವುದಿಲ್ಲ. ವಿರಾಜಪೇಟೆಯವರು. ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು, 1949ರಲ್ಲಿ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಅವರ ಹತ್ತಿರ ಬರೆಸಿಕೊಂಡಿದ್ದರು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳ ಚಳಿ ಬಿಡಿಸಿದರು. ಅದಾಗಿ ಏಳು ವರ್ಷಕ್ಕೆ ನಾನು ಸೇರಿದ್ದು. ನನ್ನ ಮದುವೆಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ, ನಮ್ಮ ದೊಡ್ಡಮ್ಮನದೊಂದು ಬಿಟ್ಟು.

ನಾನು ಸಿಕ್ಕಿಬಿದ್ದಿದ್ದು ಅಡಿಕೆಯಲ್ಲಿ.

ಹೊಸನಗರದ ಕಡೆಯ ಹುಡುಗಿ. ಹಿಂದಿನ ಬೆಂಚು, ಮಾತು ಕಮ್ಮಿ. ಒಂದು ದಿನ ಕೈ ಎತ್ತಿದಳು. "ಮೇಡಂ, 2022ರಲ್ಲಿ ಸರ್ಕಾರದವರು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಬಹುದು ಅಂದ್ರಲ್ಲ, ಇಷ್ಟಕ್ಕಿಂತ ಕಮ್ಮಿಗೆ ತರಬಾರದು ಅನ್ನೋ ಕನಿಷ್ಠ ಆಮದು ಬೆಲೆ ಇಲ್ಲದೆ. ಅದು ಸರಿನಾ, ತಪ್ಪಾ?"

ನನ್ನ ಬಾಯಿಂದ ಉತ್ತರ ತಾನಾಗೇ ಹರಿಯಿತು. ಬೆಳೆಗಾರರ ಆತಂಕ ಅರ್ಥವಾಗುವಂಥದ್ದು. ಅದೇ ಹೊತ್ತಿಗೆ ನೆರೆಯವರ ಜೊತೆಗಿನ ಸಂಬಂಧವನ್ನೂ ನೋಡಬೇಕು. ಮರುವರ್ಷ ಉಳಿದ ಅಡಿಕೆಗೆ ಆ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದನ್ನೂ ಗಮನಿಸಬೇಕು. ಹೀಗೇ ಐದು ನಿಮಿಷ.

ಅವಳು ಪೂರ್ತಿ ಕೇಳಿದಳು. ಆಮೇಲೆ ಅಂದಳು, "ಸರಿನಾ ತಪ್ಪಾ ಹೇಳ್ಲಿಲ್ಲ ಮೇಡಂ."

ಕ್ಲಾಸು ನಕ್ಕಿತು. ನಾನೂ ನಕ್ಕೆ. ವಾಪಸ್ ಬರುವಾಗ ಗಾಜನೂರು ದಾಟಿದ್ದೇ ಗೊತ್ತಾಗಲಿಲ್ಲ. ಇದೇ ಧಾಟಿಯ ಮಾತನ್ನು ಹಿಂದೊಮ್ಮೆ ಕೇಳಿದ್ದೆ ಅನ್ನಿಸುತ್ತಿತ್ತು.

1990ರ ಆಗಸ್ಟ್. ಇರಾಕ್ ಕುವೈತಿಗೆ ನುಗ್ಗಿತ್ತು. ಕೈರೋದಲ್ಲಿ ಅರಬ್ಬಿ ಕಲಿತಿದ್ದೇನೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಜೋರ್ಡಾನಿನ ಅಮ್ಮಾನ್‌ಗೆ ಓಡಿಸಿದರು. ಮರುಭೂಮಿ ದಾಟಿ ನಮ್ಮ ಜನ ಬರುತ್ತಲೇ ಇದ್ದರು. ಸುಮಾರು ಎರಡು ತಿಂಗಳಲ್ಲಿ 1.7 ಲಕ್ಷ ಜನರನ್ನು 488 ಸಲ ವಿಮಾನ ಹಾರಿಸಿ ಊರಿಗೆ ಕಳಿಸಿದ ಕೆಲಸ ಅದು. ಇವತ್ತು ಈ ಲೆಕ್ಕ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಅಲ್ಲಿ ನನಗೆ ಕಾಣುತ್ತಿದ್ದುದು ಒಂದು ಮೇಜು, ಒಂದು ಮೊಹರು, ಅದರ ಮುಂದೆ ಕೊನೆಯೇ ಇಲ್ಲದ ಸಾಲು.

ಸಾಲಿನಲ್ಲಿ ಭಟ್ಕಳದ ಕಡೆಯವರೊಬ್ಬರು ಸಿಕ್ಕಿದರು. ಪಾಸ್‌ಪೋರ್ಟ್ ಮಾಲೀಕನ ಹತ್ತಿರವೇ ಉಳಿದಿತ್ತು. ಕಂಕುಳಲ್ಲಿ ಟವೆಲ್ ಸುತ್ತಿದ ಒಂದು ಇಸ್ತ್ರಿಪೆಟ್ಟಿಗೆ. ಕುವೈತಿನಿಂದ ಬಾಗ್ದಾದ್, ಅಲ್ಲಿಂದ ಗಡಿ, ಅಷ್ಟು ದೂರವೂ ಅದನ್ನು ಬಿಟ್ಟಿರಲಿಲ್ಲ. ನಾನು ಕನ್ನಡದಲ್ಲಿ ಹೆಸರು ಕೇಳಿದ್ದಕ್ಕೆ ಅವರಿಗೆ ಹೆಸರೇ ಹೊರಡಲಿಲ್ಲ. ಸುಧಾರಿಸಿಕೊಂಡು ಕೇಳಿದರು, "ಅಮ್ಮಾ, ಯಾವಾಗ ಹೋಗೂದು?"

"ವ್ಯವಸ್ಥೆ ಮಾಡ್ತಿದ್ದೇವೆ" ಅಂದೆ.

"ವ್ಯವಸ್ಥೆ ಬ್ಯಾಡ ಅಮ್ಮಾ. ದಿನ ಹೇಳಿ."

ಹಿಂದೆ ಸಾಲು ನೂಕುತ್ತಿತ್ತು. ನಾಳೆ ಎಷ್ಟು ವಿಮಾನ ಅಂತ ನನಗೇ ಗೊತ್ತಿರಲಿಲ್ಲ. "ಗುರುವಾರ" ಅಂದುಬಿಟ್ಟೆ.

ಗುರುವಾರ ಆಗಲಿಲ್ಲ. ಶುಕ್ರವಾರವೂ ಆಗಲಿಲ್ಲ. ನಾನು ಆ ಡೇರೆಯ ಕಡೆ ಹೋಗುವುದನ್ನೇ ಬಿಟ್ಟೆ, ಸುತ್ತು ಹಾಕಿ ಓಡಾಡಿದೆ. ಭಾನುವಾರ ವಿಮಾನ ಹತ್ತಲು ನಿಂತವರ ಪಟ್ಟಿ ಹಿಡಿದು ಹೋದಾಗ ಅವರೇ ಕರೆದರು. ಇಸ್ತ್ರಿಪೆಟ್ಟಿಗೆ ಎತ್ತಿ ತೋರಿಸಿ ನಕ್ಕರು. "ಅಮ್ಮಾ, ನಿಮ್ಮ ಗುರುವಾರ ಬಂತು!"

ಆಮೇಲೆ ಸೇವೆಯಲ್ಲಿ ಇರುವವರೆಗೂ ನಾನು ಯಾರಿಗೂ ದಿನ ಹೇಳಲಿಲ್ಲ.

ಮುಂದಿನ ಶನಿವಾರ ಹಾಜರಿ ಕರೆಯುವ ಮೊದಲೇ ಹೊಸನಗರದ ಹುಡುಗಿಗೆ ಉತ್ತರ ಕೊಟ್ಟೆ. ಆ ಕಡತ ನಾನು ನೋಡಿದ್ದಲ್ಲ, ಆದರೆ ನನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕುತ್ತಿದ್ದೆ ಅಂದೆ. ಭೂತಾನಕ್ಕೆ ಸಮುದ್ರ ಇಲ್ಲ, ಅದರ ವ್ಯಾಪಾರ ಹೆಚ್ಚುಪಾಲು ನಮ್ಮ ಜೊತೆಗೇ. 2017ರಲ್ಲಿ ಡೋಕ್ಲಾಮ್‌ನಲ್ಲಿ ನಮ್ಮ ಸೈನಿಕರೂ ಚೀನಾದವರೂ ಎರಡು ತಿಂಗಳಿಗೂ ಜಾಸ್ತಿ ಎದುರುಬದುರು ನಿಂತಿದ್ದು ಭೂತಾನ ತನ್ನದು ಅನ್ನುವ ನೆಲದಲ್ಲಿ. ಅಂಥ ನೆರೆಮನೆಯವರು ಒಂದಿಷ್ಟು ಹಸಿ ಅಡಿಕೆ ಮಾರಿಕೊಳ್ಳಲಿ. ನಮ್ಮಲ್ಲಿ ಬೆಳೆಯುವುದು ಲಕ್ಷಗಟ್ಟಲೆ ಟನ್. ನನಗೆ ಚಿಂತೆ ಇರುವುದು ಕಳ್ಳದಾರಿಯಲ್ಲಿ ಬರುವ ಮಾಲಿನದು. ಆದರೆ ಸಹಿ ಹಾಕುವ ಮೊದಲು ಯಾರಾದರೂ ಶಿವಮೊಗ್ಗಕ್ಕೆ ಬಂದು ಒಂದು ಮಾತು ಹೇಳಬೇಕಿತ್ತು. ಅದು ತಪ್ಪು.

"ಅಪ್ಪ ಒಪ್ಪಲ್ಲ ಮೇಡಂ" ಅಂದಳು.

"ನಮ್ಮ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡನೂ ಒಪ್ಪಲ್ಲ" ಅಂದೆ.

ಕಳೆದ ತಿಂಗಳು ಎಲ್ಲರನ್ನೂ ಇಕ್ಕೇರಿಗೆ ಕರೆದುಕೊಂಡು ಹೋಗಿದ್ದೆ. ರಾಯಭಾರ ಅಂದರೆ ಜಿನೀವಾ, ನ್ಯೂಯಾರ್ಕ್ ಅಂದುಕೊಂಡಿರುತ್ತಾರೆ. ಸಾಗರದ ಪಕ್ಕದಲ್ಲೇ ಇದೆಯಲ್ಲ! 1623ರಲ್ಲಿ ಗೋವಾದ ಪೋರ್ಚುಗೀಸರು ಇಕ್ಕೇರಿಯ ಅರಸ ವೆಂಕಟಪ್ಪ ನಾಯಕರ ಹತ್ತಿರ ರಾಯಭಾರಿಯನ್ನು ಕಳಿಸಿದ್ದರು. ಜೊತೆಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಲ್ಲವನ್ನೂ ಪತ್ರಗಳಲ್ಲಿ ಬರೆದಿಟ್ಟ. ಹೊನ್ನಾವರದಿಂದ ಗೇರುಸೊಪ್ಪೆ, ಅಲ್ಲಿಂದ ಘಟ್ಟ. ದಾರಿಯ ಗುಡಿಯೊಂದರಲ್ಲಿ ಹುಡುಗರು ಮರಳಿನ ಮೇಲೆ ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿದ್ದಾನೆ. ಸಂಧಾನದ ವಿವರಕ್ಕಿಂತ ನನಗೆ ಅದೇ ಜಾಸ್ತಿ ಇಷ್ಟ.

ಆ ಸಂಧಾನವನ್ನೇ ಆಡಿಸೋಣ ಅಂತ ಅಘೋರೇಶ್ವರ ದೇವಸ್ಥಾನದ ಹುಲ್ಲಿನ ಮೇಲೆ ಎರಡು ಗುಂಪು ಮಾಡಿದೆ. ಮೆಣಸಿನ ಬೆಲೆ, ಕರಾವಳಿಯ ಬಂಗ ಅರಸನ ಜಾಗದ ತಕರಾರು, ಎರಡೇ ವಿಷಯ. ಪೋರ್ಚುಗೀಸರ ಕಡೆಯ ಹುಡುಗರು ಟೈ ಕಟ್ಟಿಕೊಂಡು ಬಂದಿದ್ದರು. ಇಕ್ಕೇರಿ ಕಡೆಗೆ ಹೊಸನಗರದವಳೇ ಮುಖ್ಯಸ್ಥೆ. ಅವರು ಅರ್ಧ ಗಂಟೆ ಮಾತಾಡಿದರು. ಇವಳು ಎಲೆ ಮಡಚಿ, ಅಡಿಕೆ ಇಟ್ಟು, ಅವರ ಮುಂದೆ ತಟ್ಟೆ ಸರಿಸಿದಳು. "ಬೆಲೆ ಹೇಳಿ" ಅಂದರು ಅವರು.

"ನಾಯಕರ ಗಮನಕ್ಕೆ ತರ್ತೇವೆ" ಅಂದಳು.

ನಾನು ದೇವಸ್ಥಾನದ ಕಡೆ ಮುಖ ತಿರುಗಿಸಿ ನಿಂತೆ. ಸಾಗರದ ಬಸ್ಸಿಗೆ ಇನ್ನು ಹತ್ತು ನಿಮಿಷ ಇತ್ತು, ಬೆಲೆ ಕೊನೆಗೂ ಕುದುರಲಿಲ್ಲ.